ಎಡಕ್ಕೆಳೆಯುವ ಗಾಡಿ

ನಮ್ಮ ಮನೆಯ ಪಿಕಪ್‌ಗೆ ಎಡಗಡೆ ಅಂದರೆ ಪ್ರಾಣ. ಸ್ಟೇರಿಂಗ್ ಮೇಲಿನ ಕೈ ಚೂರು ಸಡಿಲ ಮಾಡಿದರೆ ಸಾಕು, ಹಗ್ಗ ಬಿಚ್ಚಿದ ಎಮ್ಮೆಯ ಹಾಗೆ ರಸ್ತೆ ಬದಿಯ ಹುಲ್ಲಿಗೆ ಮುಖ ಮಾಡುತ್ತದೆ. ಅಪ್ಪ ಕೊಂಡ ಹಳೇ ಮಹೀಂದ್ರಾ ಅದು. ಮೂತಿ ಜೀಪಿನದ್ದು, ಹಿಂದೆ ಅಡಿಕೆ ಮೂಟೆ ತುಂಬುವ ತೊಟ್ಟಿ. ಅಪ್ಪ ಗಾಡಿಯನ್ನು ರಿಪೇರಿ ಮಾಡಿಸುವ ಬದಲು ತಮ್ಮ ತೋಳನ್ನೇ ಅದಕ್ಕೆ ಒಗ್ಗಿಸಿಕೊಂಡಿದ್ದರು. "ರಸ್ತೇನೇ ಎಡಕ್ಕೆ ವಾಲಿದೆ, ಗಾಡಿ ಏನು ಮಾಡ್ತದೆ ಪಾಪ?" ಅನ್ನುವುದು ಅವರ ವಾದ. ಪೂರ್ತಿ ಸುಳ್ಳೂ ಅಲ್ಲ. ಮಳೆನೀರು ಚರಂಡಿಗೆ ಹೋಗಲಿ ಅಂತ ರಸ್ತೆಯ ನಡುಬೆನ್ನು ಎತ್ತರಿಸಿರುತ್ತಾರೆ, ಎಡಬದಿಯಲ್ಲಿ ಹೋಗುವ ನಮಗೆಲ್ಲ ಎಡದ ಸೆಳೆತ ಇದ್ದದ್ದೇ. ಆದರೆ ಒಂದು ದಿನ ಖಾಲಿ ರಸ್ತೆಯಲ್ಲಿ ಬಲಬದಿಗೆ ಹೋಗಿ ಓಡಿಸಿ ನೋಡಿದೆ. ಗಾಡಿ ಆ ದಿಬ್ಬವನ್ನೂ ಹತ್ತಿ ಎಡಕ್ಕೇ ಬಂತು.

ಜೊತೆಗೆ ಟೈರ್ ತಿನ್ನುವ ಚಟ. ಮುಂದಿನ ಟೈರಿನ ಮೇಲೆ ಅಡ್ಡಡ್ಡ ಅಂಗೈ ಆಡಿಸಿದರೆ ಒಂದು ಕಡೆಗೆ ಬೆಕ್ಕಿನ ಮೈ ಸವರಿದಷ್ಟು ನುಣುಪು, ವಾಪಸ್ ಬಂದರೆ ಗರಗಸ. ಹೊರ ಅಂಚಿನಲ್ಲಂತೂ ನೂಲು ಇಣುಕುತ್ತಿತ್ತು. ಪೇಟೆಯಲ್ಲಿ ಹೊಸದಾಗಿ ಆದ ಅಲೈನ್‌ಮೆಂಟ್ ಅಂಗಡಿಗೆ ಒಯ್ದೆ. ಅಲ್ಲಿನ ಹುಡುಗ ಕಂಪ್ಯೂಟರಿನಲ್ಲಿ ತುಂಬಾ ಹೊತ್ತು ಹುಡುಕಿ, "ಈ ಗಾಡಿ ಇದರಲ್ಲಿ ಇಲ್ಲ ಸಾರ್" ಅಂದ. ಗಾಡಿ ಎದುರಿಗೇ ನಿಂತಿತ್ತು.

ಕೊನೆಗೆ ಸಿಕ್ಕವರು ಬಸ್‌ಸ್ಟ್ಯಾಂಡಿನ ಹಿಂದಿನ ಹಳೇ ಮೇಸ್ತ್ರಿ. ಅವರ ಯಂತ್ರಸಾಮಗ್ರಿ: ಒಂದು ಟೇಪು, ಸೀಮೆಸುಣ್ಣ, ಮೊಳೆ. ಬಂದವರೇ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಟೇಪು ಹಿಡಿದರು. ಬಲಗಡೆ ಒಂದು ಅಳತೆ, ಎಡಗಡೆ ಅದಕ್ಕಿಂತ ಮುಕ್ಕಾಲು ಇಂಚು ಕಡಿಮೆ! ಕೆಳಗೆ ನುಗ್ಗಿ ಮುಂದಿನ ಸ್ಪ್ರಿಂಗ್ ಪಟ್ಟಾ ನೋಡಿದರೆ ಎಡಗಡೆಯ ಸೆಂಟರ್ ಬೋಲ್ಟ್ ತುಂಡಾಗಿದೆ. ಪಟ್ಟಾಗಳನ್ನು ಪೋಣಿಸಿ, ಎರಡೂ ಚಕ್ರ ಹೊತ್ತ ಆಕ್ಸಲ್ಲನ್ನು ಜಾಗದಲ್ಲಿ ಕೂರಿಸುವುದು ಆ ಬೆರಳುಗಾತ್ರದ ಬೋಲ್ಟು. ಅದು ಹೋಗಿ, ಪಟ್ಟಾವನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟೂ ಸಡಿಲವಾಗಿ, ಆಕ್ಸಲ್ಲಿನ ಎಡತುದಿ ಮೆಲ್ಲಗೆ ಹಿಂದಕ್ಕೆ ಜಾರಿದೆ. ಯಾವ ಕಡೆ ಚಕ್ರಗಳ ನಡುವಿನ ದೂರ ಕಮ್ಮಿಯೋ ಆ ಕಡೆಗೇ ಗಾಡಿ ಎಳೆಯುತ್ತದೆ. ಅಪ್ಪ ಇಷ್ಟು ವರ್ಷ ಬೈದದ್ದು ಪಾಪದ ರಸ್ತೆಯನ್ನು.

ಬೋಲ್ಟು ಬದಲಾದ ಮೇಲೆ ಟೋ-ಇನ್ ಸರದಿ, ಅಂದರೆ ಮುಂದಿನ ಎರಡು ಚಕ್ರಗಳ ಮೂತಿ ಎಷ್ಟು ಒಳಕ್ಕೆ ತಿರುಗಿದೆ ಅನ್ನುವ ಲೆಕ್ಕ. ಜಾಕ್ ಕೊಟ್ಟು ಚಕ್ರ ಎತ್ತಿ, ಟೈರಿಗೆ ಸುತ್ತಲೂ ಸೀಮೆಸುಣ್ಣ ಬಳಿದು, ಮೊಳೆ ಅಲುಗದಂತೆ ಹಿಡಿದು ಚಕ್ರ ತಿರುಗಿಸಿದರು. ಬಿಳಿಯ ನಡುವೆ ಕೂದಲೆಳೆಯಂಥ ಗೆರೆ ಬಿತ್ತು. ಎರಡೂ ಚಕ್ರಕ್ಕೆ ಹಾಗೆ ಮಾಡಿ, ಇಳಿಸಿ, ಗಾಡಿಯನ್ನು ನಾಲ್ಕು ಹೆಜ್ಜೆ ಮುಂದಕ್ಕೆ ತಳ್ಳಿಸಿದರು. ಹಿಂದಕ್ಕೆ ತಳ್ಳಿದರೆ ಅಳತೆ ಸುಳ್ಳು ಹೇಳುತ್ತದಂತೆ. ಆಮೇಲೆ ಗೆರೆಯಿಂದ ಗೆರೆಗೆ ಮುಂದೊಮ್ಮೆ ಹಿಂದೊಮ್ಮೆ ಟೇಪು. ಮುಂದೆ ಒಂಬತ್ತು ಮಿಲಿಮೀಟರ್ ಕಡಿಮೆ ಬಂತು. ಟೈರ್ ತಿನ್ನುತ್ತಿದ್ದದ್ದು ಇದೇ.

ನಮ್ಮ ಜೀಪುಗಳ ಮೂಲಪುರುಷ ವಿಲ್ಲಿಸ್ ಸಿಜೆ-3ಬಿಗೆ ಹೇಳಿದ್ದ ಟೋ-ಇನ್ ಇಂಚಿನ 64ರಲ್ಲಿ 3 ಪಾಲಿನಿಂದ 32ರಲ್ಲಿ 3 ಪಾಲು, ಹೆಚ್ಚೆಂದರೆ ಎರಡೂವರೆ ಮಿಲಿಮೀಟರು. ಅಷ್ಟಾದರೂ ಯಾಕೆ, ನೆಟ್ಟಗೇ ಇಡಬಾರದೇ ಅಂತ ಕೇಳಿದೆ. ಓಡುವಾಗ ರಸ್ತೆ ಮುಂದಿನ ಚಕ್ರಗಳನ್ನು ಹಿಂದಕ್ಕೆ ದಬ್ಬುತ್ತದೆ, ಕೀಲುಗಳಲ್ಲಿರುವ ಸಡಿಲವಷ್ಟೂ ಹೊರಕ್ಕೆ ಬಿಚ್ಚಿಕೊಳ್ಳುತ್ತದೆ, ನಿಂತಾಗ ಸ್ವಲ್ಪ ಒಳಕ್ಕಿದ್ದರೇನೇ ಓಡುವಾಗ ನೆಟ್ಟಗಾಗುವುದು ಅಂದರು. ನೆಟ್ಟಗೆ ಹೋಗಬೇಕಾದ ಈ ಗಾಡಿಯ ಮುಂಭಾಗದಲ್ಲಿ ನೆಟ್ಟಗಿರುವುದು ಒಂದೂ ಇಲ್ಲ. ಚಕ್ರದ ತಲೆ ಒಂದೂವರೆ ಡಿಗ್ರಿ ಹೊರಕ್ಕೆ ವಾಲಿರಬೇಕು, ಅದು ಕ್ಯಾಂಬರ್. ಚಕ್ರ ಎಡ ಬಲಕ್ಕೆ ತಿರುಗುವ ಕೀಲು, ಕಿಂಗ್ ಪಿನ್, ಮೂರು ಡಿಗ್ರಿ ಹಿಂದಕ್ಕೆ ಒರಗಿರಬೇಕು, ಅದು ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕು ಒರಗಿರುವುದೂ ಹುಡುಗರು ಕೈ ಬಿಟ್ಟು ಹೊಡೆಯಲು ಒಂದು ಕಾರಣ. ಇವೆರಡೂ ಆಕ್ಸಲ್ಲಿನ ಜೊತೆಗೇ ಹುಟ್ಟಿ ಬಂದವು, ಸ್ಪ್ಯಾನರಿಗೆ ಬಗ್ಗುವುದಿಲ್ಲ. ಕೈಗೆ ಸಿಗುವುದು ಮುಂದಿನ ಎರಡು ಚಕ್ರಗಳನ್ನು ಬೆಸೆಯುವ ಸರಳು, ಟೈ ರಾಡ್, ಒಂದೇ. ಅದರ ಒಂದು ತುದಿಗೆ ಬಲ ಥ್ರೆಡ್, ಇನ್ನೊಂದಕ್ಕೆ ಎಡ ಥ್ರೆಡ್; ತಿರುಗಿಸಿದರೆ ಉದ್ದವಾಗುತ್ತದೆ, ಇಲ್ಲವೇ ಗಿಡ್ಡ. ತುಕ್ಕು ಹಿಡಿದು ಕೂತಿದ್ದ ಅದಕ್ಕೆ ಡೀಸೆಲ್ ಕುಡಿಸಿ, ಒಂದು ಚಹಾ ಮುಗಿಯುವ ತನಕ ಕಾದು, ಪೈಪ್ ರೆಂಚಿನಲ್ಲಿ ಒಂದು ಸಣ್ಣ ತಿರುವು ಕೊಟ್ಟರು. ಕ್ಲ್ಯಾಂಪು ಬಿಗಿ ಮಾಡಿ ಅಳೆದರೆ ಎರಡು.

ವಾಪಸ್ ಬರುವಾಗ ಪಕ್ಕದಲ್ಲಿ ಅಪ್ಪ. ನೇರ ರಸ್ತೆ ಸಿಕ್ಕಿತು. ಎದುರಿಂದ ಬಂದ ಬಸ್ಸಿನವನು ಯಾಕೋ ಹಾರ್ನ್ ಒತ್ತಿ ಹಿಡಿದ. ನೋಡಿದರೆ ನಾನು ರಸ್ತೆಯ ನಡುವಿನ ಗೆರೆ ದಾಟುತ್ತಿದ್ದೇನೆ. ಕೈ ತನ್ನ ಪಾಡಿಗೆ ಬಲಕ್ಕೆ ಜಗ್ಗುತ್ತಲೇ ಇದೆ. ಸರಕ್ಕನೆ ತಿರುಗಿಸಿದೆ. ಅಪ್ಪ ಮುಂದಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಅಂದರು, "ನೋಡು, ಈಗ ಬಲಕ್ಕೆ ಎಳೀತಿದೆ. ಸರಿಯಿದ್ದ ಗಾಡೀನ ದುಡ್ಡು ಕೊಟ್ಟು ಹಾಳು ಮಾಡಿಸ್ಕೊಂಡು ಬಂದೆ."