"ಓಡೋ ಓಡೋ" ಅಂದರೆ ಸಾಲದು

ಸಾಗರ, ತೀರ್ಥಹಳ್ಳಿ ಕಡೆಯ ಶಾಲೆ ಮಕ್ಕಳು ಓಟದಲ್ಲಿ ಯಾರಿಗೂ ಕಮ್ಮಿ ಇಲ್ಲ. ಖೋ-ಖೋ ಆಡಿ ಪಳಗಿದ ಕಾಲುಗಳು. ಆದರೂ ಬೇಸ್‌ಬಾಲ್‌ನಂಥದೇ ಆಟವಾದ ಸಾಫ್ಟ್‌ಬಾಲ್ ಆಡಿಸಿದರೆ ಎರಡು ಬೇಸ್‌ಗಳ (ಓಡಿ ಮುಟ್ಟಬೇಕಾದ ನೆಲೆಗಳ) ನಡುವೆ ಸಿಕ್ಕಿಬೀಳುತ್ತಾರೆ. ಊರಿಗೆ ಬಂದಾಗಲೆಲ್ಲ ನೋಡುತ್ತೇನೆ, ಗೆರೆಯಾಚೆ ನಿಂತವರು "ಓಡೋ ಓಡೋ" ಅಂತ ಕೂಗೋದು ಬಿಟ್ಟು ಬೇರೇನೂ ಹೇಳಿಕೊಡೋದಿಲ್ಲ.

ನಾನಿರುವ ನ್ಯೂಜೆರ್ಸಿಯಲ್ಲಿ ಕೋಚ್‌ಗಳು ಚೆಂಡು ಎಸೆಯೋಕೆ ಮೊದಲೇ ರನ್ನರ್‌ನ ಕೇಳುತ್ತಾರೆ. ಎಷ್ಟು ಔಟ್ ಆಗಿದೆ? ಮುಂದಿನ ಬೇಸ್‌ನಲ್ಲಿ ಯಾರಿದ್ದಾರೆ? ಚೆಂಡು ಮೇಲಕ್ಕೆ ಹಾರಿದರೆ ಏನು ಮಾಡ್ತೀಯ?

ನಮ್ಮ ಕ್ರಿಕೆಟ್ ಮಕ್ಕಳು ಎಡವೋದು ಈ ಕೊನೇ ಪ್ರಶ್ನೆಯಲ್ಲೇ. ಕ್ಯಾಚ್ ಆಗೋದರೊಳಗೆ ಆ ತುದಿಗೆ ದಾಟಿಬಿಡೋದು ಕ್ರಿಕೆಟ್‌ನ ಹಳೇ ಚಾಳಿ (ದಾಟಿದ್ದರೂ ಹೊಸ ಬ್ಯಾಟರೇ ಮುಂದಿನ ಚೆಂಡು ಎದುರಿಸಬೇಕು ಅನ್ನೋ 2022ರ ನಿಯಮ ಬಂದ ಮೇಲೆ ಅಲ್ಲೂ ಅದರಿಂದ ಲಾಭವಿಲ್ಲ ಬಿಡಿ). ಸಾಫ್ಟ್‌ಬಾಲ್, ಬೇಸ್‌ಬಾಲ್‌ನಲ್ಲಿ ಕ್ಯಾಚ್ ಹಿಡಿದ ಮೇಲೆ ರನ್ನರ್ ತನ್ನ ಬೇಸ್ ಮುಟ್ಟಿಯೇ ಹೊರಡಬೇಕು. ಅಷ್ಟರೊಳಗೆ ಚೆಂಡು ಆ ಬೇಸ್‌ಗೆ ಬಂದರೆ ಅವನೂ ಔಟ್. ಎರಡು ಔಟ್ ಆಗಿದ್ದರೆ ಮಾತ್ರ ಹಿಂದೆಮುಂದೆ ನೋಡದೆ ಓಡಬಹುದು. ಕ್ಯಾಚ್ ಆದರೆ ಅದು ಮೂರನೇ ಔಟ್, ಸರದಿ ಹೇಗೂ ಮುಗೀತಲ್ವಾ!

ಕ್ರಿಕೆಟ್‌ನಿಂದ ಅನುಕೂಲವೂ ಇದೆ. ಕ್ರೀಸ್ ದಾಟಿ ಓಡಿಹೋಗೋ ಹಾಗೇ ಮೊದಲ ಬೇಸ್ ಮುಟ್ಟಿ ನೇರ ಮುಂದಕ್ಕೆ ಹೋಗಬಹುದು. ಎರಡನೇ, ಮೂರನೇ ಬೇಸ್‌ನಲ್ಲಿ ಹಾಗೆ ಮಾಡಿದರೆ ಕೆಟ್ಟಿತು.

ಅಮೆರಿಕದ ಒಂದು ರೂಢಿ ಮಾತ್ರ ನನಗೆ ಹಿಡಿಸೋದಿಲ್ಲ. ಮೂರನೇ ಬೇಸ್ ಪಕ್ಕ ನಿಂತ ಕೋಚ್ ಕೈ ಬೀಸಿದರೆ ಓಡು, ಕೈ ಅಡ್ಡ ಹಿಡಿದರೆ ನಿಲ್ಲು. ಮಕ್ಕಳು ಚೆಂಡು ಬಿಟ್ಟು ಅವರ ಕೈಯನ್ನೇ ನೋಡ್ತಿರುತ್ತಾರೆ. ಖೋ-ಖೋದಲ್ಲಿ ಆ ಆಸರೆ ಇಲ್ಲ. ಎದ್ದವನ ಭುಜ ಯಾವ ಕಡೆ ತಿರುಗಿತು ಅಂತ ತಾನೇ ನೋಡಬೇಕು, ಒಂದು ಕಡೆ ಹೊರಟವನು ವಾಪಸ್ ತಿರುಗುವ ಹಾಗಿಲ್ಲ ಅನ್ನೋದು ಗೊತ್ತಿರಬೇಕು. ಆ ಕಣ್ಣು ಇಲ್ಲೂ ಬೇಕು. ಫೀಲ್ಡರ್ ನಿನಗೆ ಬೆನ್ನು ಹಾಕಿ ಚೆಂಡಿನ ಹಿಂದೆ ಓಡ್ತಿದ್ದಾನಾ? ಇನ್ನೊಂದು ಬೇಸ್ ನಿನ್ನದೇ.

ಕಲಿಸೋಕೆ ಬ್ಯಾಟೂ ಬೇಡ. ಬೇಸ್‌ಗೆ ಗೋಣಿಚೀಲ ಸಾಕು. ಅಡಿಕೆ ಹಾಳೆ ಬೇಡವೇ ಬೇಡ, ಮಳೆ ಹನಿ ಬಿದ್ದರೆ ಜಾರಿ ಸೊಂಟ ಮುರಿಯುತ್ತೆ. ಸಾಫ್ಟ್‌ಬಾಲ್‌ನಲ್ಲಿ ಬೇಸ್‌ಗಳ ಅಂತರ 60 ಅಡಿ; ಗುಡ್ಡ ಕಡಿದು ಮಾಡಿದ ಮೈದಾನದಲ್ಲಿ 40 ಇಟ್ಟರೂ ನಡೆಯುತ್ತೆ. ಮೇಷ್ಟ್ರು ಚೆಂಡನ್ನು ಒಮ್ಮೆ ಉರುಳಿಸಲಿ, ಒಮ್ಮೆ ಮೇಲಕ್ಕೆಸೆಯಲಿ. ಮಕ್ಕಳು ಓಡುವಾಗ ಸುಮ್ನಿರಲಿ. "ಯಾಕೋ ನಿಂತೆ?" ಅಂತ ಆಮೇಲೆ ಕೇಳಿದರಾಯ್ತು.