ಪೂರ್ತಿ ಜೋಳದ ಹಿಟ್ಟಾದರೆ ಕೇಕ್ ನಿಲ್ಲಲ್ಲ
ಮೈದಾ ಬದಲು ಪೂರ್ತಿ ಜೋಳದ ಹಿಟ್ಟಲ್ಲೇ ಮೊಟ್ಟೆ ಇಲ್ಲದ ಕೇಕ್ ಮಾಡಬಹುದು ಅಂತ ಬರೆದಿದ್ದೀರಿ ಮೇಡಂ. ನಾನು ರಾಯಚೂರಿನವಳು, ಜೋಳ ಅಂದ್ರೆ ದಿನದ ಊಟ. ಖುಷಿಯಿಂದ ಮಾಡಿದೆ. ಚಾಕು ಇಟ್ಟ ಕೂಡಲೇ ಪುಡಿಪುಡಿ! ಅತ್ತೆ ಒಂದು ಹಿಡಿ ಬಾಯಿಗೆ ಹಾಕಿಕೊಂಡು, "ಮಾದಲಿ ಛಲೋ ಆಗ್ಯಾದ, ತುಪ್ಪ ತಗೊಂಡ್ ಬಾ" ಅಂದರು. ಮಾದಲಿ ಅಂದ್ರೆ ನಮ್ಮ ಕಡೆಯ ಪುಡಿಪುಡಿ ಸಿಹಿ.

ಗೋಧಿ, ಮೈದಾದಲ್ಲಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಜೋಳದಲ್ಲಿ ಇಲ್ಲ, ಹಿಡಿತ ಬರಲ್ಲ. ರೊಟ್ಟಿ ಹಿಟ್ಟಿಗೆ ಕುದಿಯುವ ನೀರು ಹಾಕುವುದು ಅದಕ್ಕೇ ಅಲ್ವಾ? ಎರಡನೇ ಸಲ ಅರ್ಧಕ್ಕರ್ಧ ಗೋಧಿ ಹಿಟ್ಟು ಸೇರಿಸಿದೆ, ನಿಂತಿತು.

ಇನ್ನೊಂದು, ಮೊಸರಿಗೆ ಸೋಡಾ ಬಿದ್ದ ಮೇಲೆ ತಡ ಮಾಡಬಾರದು ಅಂತ ನೀವು ಹೇಳಲೇ ಇಲ್ಲ. ಹುಳಿ ತಾಗಿದ ಕೂಡಲೇ ಗುಳ್ಳೆ ಏಳುತ್ತವೆ, ಕೇಕ್ ಉಬ್ಬುವುದೇ ಅದರಿಂದ. ನಮ್ಮ ಮನೆಯಲ್ಲಿ ಓವನ್ ಇಲ್ಲ. ಕುಕ್ಕರ್ ತಳಕ್ಕೆ ಉಪ್ಪು ಹರವಿ, ವಿಷಲ್, ರಬ್ಬರ್ ಎರಡೂ ತೆಗೆದು 10 ನಿಮಿಷ ಕಾಯಿಸುತ್ತೇನೆ. ಮೊದಲು ಅದು ಕಾಯಬೇಕು, ಆಮೇಲೆ ಸೋಡಾ. ಒಂದು ಸಲ ಉಲ್ಟಾ ಮಾಡಿ ಹಲಗೆಯಂಥ ಕೇಕ್ ತಿಂದಿದ್ದೇವೆ.

ನಿಮ್ಮದು ಉದುರದೆ ನಿಂತದ್ದು ಹೇಗೆ? ಹಿಡಿತಕ್ಕೆ ಅಗಸೆ ಪುಡಿ ಏನಾದರೂ ನೆನೆಸಿ ಹಾಕಿದ್ರಾ?