ಸತ್ಯಾಂಶ: ಸೊನ್ನೆ ಇಲ್ಲದೆ ರಾವಣನ ತಲೆ ಎಣಿಸಿದ್ದು ಹೇಗೆ?

ಪುಣೆಯ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಈ ಸಂದೇಶ ಮತ್ತೆ ಬಂದಿದೆ: "ಸೊನ್ನೆ ಕಂಡುಹಿಡಿದವನು ಆರ್ಯಭಟ. ಹಾಗಾದರೆ ಅದಕ್ಕೂ ಮೊದಲು ರಾವಣನ 10 ತಲೆ, 100 ಕೌರವರನ್ನು ಎಣಿಸಿದ್ದು ಹೇಗೆ?"

ಎಣಿಸಲು ಸೊನ್ನೆ ಬೇಕಾಗಿಯೇ ಇಲ್ಲ. ಹತ್ತು, ನೂರು ಎಂಬ ಮಾತುಗಳಿದ್ದರೆ ಸಾಕು. ಬರೆಯಲಿಕ್ಕೂ ಬೇಕಿರಲಿಲ್ಲ. ಅದಕ್ಕೆ ಸಾಕ್ಷಿ ನಮ್ಮ ಪುಣೆ ಜಿಲ್ಲೆಯಲ್ಲೇ ಇದೆ, ಜುನ್ನರ್ ಕಡೆಯ ನಾಣೇಘಾಟ್ ಗುಹೆಯಲ್ಲಿ. ಅಲ್ಲಿನ ಶಾತವಾಹನರ ಬ್ರಾಹ್ಮಿ ಶಾಸನ ಸುಮಾರು 2 ಸಾವಿರ ವರ್ಷ ಹಳೆಯದು. ಯಜ್ಞಗಳಲ್ಲಿ ದಾನ ಕೊಟ್ಟ ಹಸು, ಕುದುರೆ, ನಾಣ್ಯಗಳ ಲೆಕ್ಕ ಅದರಲ್ಲಿದೆ. 10ಕ್ಕೆ ಒಂದು ಗುರುತು, 100ಕ್ಕೆ ಇನ್ನೊಂದು, 1000ಕ್ಕೆ ಮತ್ತೊಂದು. 17 ಬರೆಯಬೇಕಾ? 10ರ ಗುರುತಿನ ಪಕ್ಕ 7ರ ಗುರುತು. ಸಾವಿರಾರು ಹಸುಗಳ ಲೆಕ್ಕವೂ ಹೀಗೇ ಆಗಿದೆ, ಒಂದು ಸೊನ್ನೆಯೂ ಇಲ್ಲದೆ. ಚಾರಣಕ್ಕೆ ಹೋಗುವವರು ಆ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಇನ್ನು ಆರ್ಯಭಟ. 499ರ ಸುಮಾರಿನ 'ಆರ್ಯಭಟೀಯ'ದಲ್ಲಿ ಪ್ರತಿ ಸ್ಥಾನವೂ ಹಿಂದಿನದರ ಹತ್ತು ಪಟ್ಟು ಎಂದು ಅವನು ಹೇಳುತ್ತಾನೆ. ದೊಡ್ಡ ಮಾತೇ ಅದು. ಆದರೆ ಸಂಖ್ಯೆಗಳನ್ನು ಅವನು ಬರೆದದ್ದು ಅಕ್ಷರಗಳಲ್ಲಿ. ಸೊನ್ನೆಯ ಚಿಹ್ನೆ ಆ ಗ್ರಂಥದಲ್ಲಿಲ್ಲ.

ಸೊನ್ನೆಯನ್ನೂ ಒಂದು ಸಂಖ್ಯೆಯಾಗಿ ಹಿಡಿದು ಕೂಡುವ, ಕಳೆಯುವ, ಗುಣಿಸುವ ನಿಯಮ ಕೊಟ್ಟವನು ಬ್ರಹ್ಮಗುಪ್ತ, 628ರಲ್ಲಿ. ಭಾಗಾಕಾರ ಮಾತ್ರ ಜಾಸ್ತಿ ಕಾಡಿತು. ನಮ್ಮ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಕೂಡ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದೇ ಬರೆದ.